ಪಿಕಪ್‌ಗೆ ಪುಟ್ಟ ಕ್ರೇನ್ ಕೂರಿಸಿದ ಅನುಭವ

ಮೋಟಾರು, ಗೇರ್‌ಬಾಕ್ಸ್, ಪಂಪು ಇವನ್ನೆಲ್ಲ ಗಾಡಿಗೆ ಹತ್ತಿಸಿ ಇಳಿಸುವುದೇ ನನ್ನ ಕೆಲಸದ ಅರ್ಧ ಭಾಗ. ಪ್ರತಿ ಸಲ ಜನ ಹುಡುಕಿ ಸಾಕಾಗಿ, ಪಿಕಪ್‌ನ ಹಿಂದಿನ ಮೂಲೆಗೆ ಕೈಪಂಪಿನ ಹೈಡ್ರಾಲಿಕ್ ಕ್ರೇನ್ ಕೂರಿಸಿದೆ.

ಕ್ರೇನ್ ಮೇಲೆ 500 ಕೆಜಿ ಅಂತ ಬರೆದಿತ್ತು. ಅದು ತೋಳು ಪೂರ್ತಿ ಒಳಗಿದ್ದಾಗಿನ ಮಾತು. ತೋಳು ಹೊರಗೆ ಎಳೆದಷ್ಟೂ ಎತ್ತುವ ತಾಕತ್ತು ಇಳಿಯುತ್ತದೆ. ನನಗೆ ಬೇಕಾದ ದೂರ 1.2 ಮೀಟರ್. ಅಲ್ಲಿಗೆ 200 ಕೆಜಿ ಸಾಕು ಎಂದು ಮಿತಿ ಹಾಕಿಕೊಂಡೆ.

ಅಸಲಿ ವಿಷಯ ಇರುವುದು ಬುಡದಲ್ಲಿ. 200 ಕೆಜಿ, 1.2 ಮೀಟರ್ ದೂರದಲ್ಲಿ ತೂಗಿದರೆ ಬುಡಕ್ಕೆ ಎಷ್ಟು ಎಳೆತ ಬೀಳುತ್ತದೆ? ಬೇಸ್ ಪ್ಲೇಟಿನ ಬೋಲ್ಟುಗಳ ನಡುವೆ 25 ಸೆಂಟಿಮೀಟರ್ ಅಂತರ ಇದ್ದರೆ, ಒಂದು ಬದಿಯ ಬೋಲ್ಟುಗಳ ಮೇಲೆ ಸುಮಾರು 960 ಕೆಜಿ (200 × 120 ÷ 25). ಎತ್ತುವ ತೂಕದ ಐದು ಪಟ್ಟು ಹತ್ತಿರ! ಪಿಕಪ್‌ನ ತೆಳು ತಗಡಿನ ಹಾಸು ಇದನ್ನು ತಡೆಯುತ್ತದೆಯೇ? ಸುಮ್ನೆ ತಗಡಿಗೆ ಬೋಲ್ಟ್ ಹಾಕಿದರೆ ತಗಡೇ ಹರಿದು ಬರುತ್ತದೆ.

ಹಾಗಾಗಿ ಭಾರ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಇಳಿಯುವಂತೆ ಮಾಡಿದೆ. ಹಾಸಿನ ಮೇಲೆ 10 ಮಿಲಿಮೀಟರ್ ದಪ್ಪದ ಪ್ಲೇಟು, ಕೆಳಗೆ ಚಾಸಿಯ ಎರಡೂ ಉದ್ದದ ಕಂಬಿಗಳಿಗೆ ಅಡ್ಡವಾಗಿ ಗಟ್ಟಿ ಚಾನಲ್ (C ಆಕಾರದ ಉಕ್ಕಿನ ತೊಲೆ). ಹಾಸಿಗೂ ಚಾನಲ್‌ಗೂ ನಡುವೆ ಖಾಲಿ ಜಾಗ ಇರುತ್ತದೆ. ಬೋಲ್ಟ್ ಬಿಗಿಸಿದಾಗ ಹಾಸು ಕೆಳಗೆ ಜಗ್ಗಬಾರದಲ್ವಾ, ಅದಕ್ಕೆ ಪ್ರತಿ ಬೋಲ್ಟಿಗೂ ಅಳತೆಗೆ ಕತ್ತರಿಸಿದ ದಪ್ಪ ಪೈಪಿನ ತುಂಡು ತೊಡಿಸಿದೆ. ಬೋಲ್ಟು 8.8 ಗ್ರೇಡಿನ (ಹೆಚ್ಚು ಗಟ್ಟಿ ಉಕ್ಕಿನ) ಎಂ12, ಅಂದರೆ 12 ಮಿಲಿಮೀಟರ್ ದಪ್ಪದ್ದು. ನಟ್ಟು ನೈಲಾಕ್, ಒಳಗಿನ ನೈಲಾನ್ ಬಳೆಯಿಂದ ಸಡಿಲವಾಗದಂತೆ ಹಿಡಿಯುವಂಥದ್ದು. ಚಾನಲನ್ನು ಚಾಸಿಗೆ ಕ್ಲ್ಯಾಂಪಿನಿಂದ ಹಿಡಿಸಿದೆ. ಚಾಸಿಯ ಮೇಲಂಚು, ಕೆಳಂಚಿಗೆ ತೂತು ಕೊರೆಯುವುದು ನನಗೆ ಇಷ್ಟವಿಲ್ಲ, ಬಿರುಕು ಶುರುವಾಗುವುದೇ ಅಲ್ಲಿಂದ. ಹಾಸಿಗೆ ಡ್ರಿಲ್ ಇಡುವ ಮುಂಚೆ ಕೆಳಗೆ ಮಲಗಿ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರು ಎಲ್ಲಿವೆ ಎಂದು ನೋಡಿ ಗುರುತು ಹಾಕಿಕೊಂಡೆ.

ವಿಂಚ್ (ಮೋಟಾರಿನಿಂದ ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಬಹುದಿತ್ತಲ್ಲ ಎಂದು ಕೇಳುತ್ತಾರೆ. 12 ವೋಲ್ಟಿನ ವಿಂಚ್ ಪೂರ್ತಿ ಭಾರದಲ್ಲಿ 100 ಆಂಪಿಯರ್‌ಗೂ ಜಾಸ್ತಿ ಎಳೆಯಬಹುದು. ದಪ್ಪ ಕೇಬಲ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಎಲ್ಲ ಬೇಕು. ಅದೂ ಅಲ್ಲದೆ, ಕೆಸರಿನಿಂದ ಗಾಡಿ ಎಳೆಯಲು ಮಾಡಿದ ವಿಂಚ್ ಭಾರ ನೇತುಹಾಕಲು ಮಾಡಿದ್ದಲ್ಲ.

ಪರೀಕ್ಷೆಗೆ 200 ಲೀಟರಿನ ಖಾಲಿ ಡ್ರಮ್ ನೇತುಹಾಕಿ, ನೆಲದಿಂದ ಒಂದು ಗೇಣು ಎತ್ತಿ, ಪೈಪಿನಿಂದ ನೀರು ಬಿಟ್ಟೆ. ಲೀಟರಿಗೆ ಒಂದು ಕೆಜಿ, ಡ್ರಮ್ಮಿನದು ಬೇರೆ. ಭಾರ ನಿಧಾನ ಏರುವುದರಿಂದ ಎಲ್ಲಿ ಬಾಗುತ್ತಿದೆ ಎಂದು ನೋಡಲು ಸಮಯ ಸಿಗುತ್ತದೆ. ಬುಡ ಅಲುಗಲಿಲ್ಲ. ಆದರೆ ಪಟ್ಟಾ ಸ್ಪ್ರಿಂಗ್ ಕುಗ್ಗಿ ಗಾಡಿ ಆ ಬದಿಗೆ ಚೆನ್ನಾಗಿಯೇ ವಾಲಿತು. ವಾಲಿದಷ್ಟೂ ತೋಳು ತಾನಾಗಿ ಹೊರಕ್ಕೆ ತಿರುಗಲು ನೋಡುತ್ತದೆ. ಅದಕ್ಕೆ ಆ ಮೂಲೆಯ ಚಾಸಿಗೆ ಮಡಚುವ ಜ್ಯಾಕ್ ಕಾಲು ಕಟ್ಟಿದೆ. ಈಗ ಕಾಲು ಊರದೆ ಏನನ್ನೂ ಎತ್ತುವುದಿಲ್ಲ. ತೂಗುವ ಭಾರದ ಕೆಳಗೆ ಯಾರನ್ನೂ ಬಿಡುವುದಿಲ್ಲ.

ಓಡುವಾಗ ತೋಳನ್ನು ಒಳಕ್ಕೆ ತಿರುಗಿಸಿ ಪಿನ್ ಹಾಕುತ್ತೇನೆ. ಬೋಲ್ಟು ಬಿಗಿಸಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಬಣ್ಣದಿಂದ ಒಂದೇ ನೇರ ಗೆರೆ ಎಳೆದಿದ್ದೇನೆ. ಗೆರೆ ಕೂಡದಿದ್ದರೆ ನಟ್ಟು ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.