ಕಾಕ್ಸ್ ಬಜಾರಿನ ಶಿಬಿರದಲ್ಲಿ ಮಗುವಿಗೆ ಜ್ವರ ಬಂದರೆ ಏನು ಮಾಡಬೇಕು?

2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಜಾಸ್ತಿ ರೊಹಿಂಗ್ಯಾ ಜನ ಮ್ಯಾನ್ಮಾರ್‌ನ ರಖೈನ್ ಬಿಟ್ಟು ಬಾಂಗ್ಲಾದೇಶಕ್ಕೆ ಓಡಿ ಬಂದರು. ಬಹಳಷ್ಟು ಜನ ಈಗಲೂ ಅಲ್ಲಿನ ಕಾಕ್ಸ್ ಬಜಾರ್ ಜಿಲ್ಲೆಯ ಉಖಿಯಾ, ಟೆಕ್ನಾಫ್ ಕಡೆಯ ಗುಡ್ಡಗಳ ಮೇಲೆ ಬಿದಿರು, ಟಾರ್ಪಾಲಿನ ಗುಡಿಸಲುಗಳಲ್ಲಿದ್ದಾರೆ. ಶಿಬಿರದ ಆರೋಗ್ಯ ಕೇಂದ್ರಗಳಲ್ಲಿ ಔಷಧಿಗೆ ದುಡ್ಡು ಕೊಡಬೇಕಾಗಿಲ್ಲ. ಆದರೂ ಡಾಕ್ಟರ ತನಕ ಹೋಗುವುದು ಸುಲಭವಲ್ಲ. ಒಬ್ಬ ತಾಯಿ ಹೇಗೆ ಹೋಗಬೇಕು, ನೋಡೋಣ.

ಮೊದಲು, ಮನೆ ಮನೆಗೆ ಬರುವ ಆರೋಗ್ಯ ಸ್ವಯಂಸೇವಕಿಗೆ ಹೇಳಬೇಕು. ಅವರಲ್ಲಿ ತುಂಬಾ ಜನ ರೊಹಿಂಗ್ಯಾಗಳೇ. ಭೇದಿಯಾದರೆ ಓಆರ್‌ಎಸ್ ಕಲಸುವುದು ಹೇಗೆ, ಯಾವ ಲಸಿಕೆ ಬಾಕಿ ಇದೆ ಅಂತ ಅವರೇ ತಿಳಿಸುತ್ತಾರೆ. ಲಸಿಕೆಯನ್ನು ಮಾತ್ರ ತಪ್ಪಿಸಲೇಬಾರದು. ರಖೈನ್‌ನಲ್ಲಿ ಎಷ್ಟೋ ಮಕ್ಕಳಿಗೆ ಲಸಿಕೆ ಸಿಕ್ಕಿರಲಿಲ್ಲ, ಅದಕ್ಕೇ 2017ರ ಕೊನೆಯಲ್ಲಿ ಶಿಬಿರಗಳಲ್ಲಿ ಗಂಟಲಮಾರಿ (ಡಿಫ್ತೀರಿಯಾ) ಹಬ್ಬಿತು.

ಆಮೇಲೆ ನಿರಾಶ್ರಿತರ ಗುರುತಿನ ಕಾರ್ಡ್ ಹಿಡಿದು ಕೇಂದ್ರಕ್ಕೆ ನಡೆಯಬೇಕು. ಜ್ವರ, ಕೆಮ್ಮು, ಕಜ್ಜಿಗೆ ಹತ್ತಿರದ ಸಣ್ಣ ಹೆಲ್ತ್ ಪೋಸ್ಟ್ ಸಾಕು, ಹೆರಿಗೆಗೆ ದೊಡ್ಡ ಕೇಂದ್ರವೇ ಆಗಬೇಕು. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು, ಸಾಲು ಉದ್ದ ಇರುತ್ತದೆ. ಮಳೆಗಾಲದಲ್ಲಿ ಗುಡ್ಡದ ಮಣ್ಣಿನ ಮೆಟ್ಟಿಲು ಜಾರುತ್ತದೆ, ತುಂಬಿದ ಬಸುರಿ ಅದನ್ನು ಇಳಿಯುವುದು ಹೇಗೆ ಹೇಳಿ?

ಒಳಗೆ ಹೋದ ಮೇಲೆ ಮಾತಿನ ತೊಡಕು. ಚಿತ್ತಗಾಂಗ್ ಕಡೆಯ ಮಾತು ರೊಹಿಂಗ್ಯಾ ಭಾಷೆಗೆ ಹತ್ತಿರದ್ದು, ಆದರೆ ಎರಡೂ ಒಂದೇ ಅಲ್ಲ, ಢಾಕಾದಿಂದ ಬಂದ ಡಾಕ್ಟರಿಗಂತೂ ಅರ್ಧ ತಿಳಿಯುವುದೇ ಇಲ್ಲ. ಮನಸ್ಸಿನ ಸಂಕಟಕ್ಕೆ ರೊಹಿಂಗ್ಯಾ ಜನ 'ಓಶಾಂತಿ' ಅನ್ನುತ್ತಾರೆ, ನಮ್ಮ 'ಅಶಾಂತಿ'ಯೇ ಅಲ್ವಾ ಅದು! ಅದನ್ನು ಸುಮ್ನೆ ನಿದ್ದೆ ಬರದ ತೊಂದರೆ ಅಂತ ಬರೆದುಕೊಂಡರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅದಕ್ಕೇ ಮಾತು ತಿಳಿದ ಸ್ವಯಂಸೇವಕರನ್ನು ಪಕ್ಕದಲ್ಲಿ ಕೂರಿಸಿ ಅಂತ ಕೇಳಬೇಕು. ಹೆಂಗಸರ ಕಾಯಿಲೆಯಾದರೆ ಹೆಣ್ಣು ಡಾಕ್ಟರ್ ಬೇಕು ಅಂತಲೂ ಕೇಳಬೇಕು, ನಾಚಿಕೆಯಿಂದ ಎಷ್ಟೋ ಜನ ಹೇಳದೇ ವಾಪಸ್ ಬರುತ್ತಾರೆ.

ಕಾಯಿಲೆ ದೊಡ್ಡದಾದರೆ ಕಾಕ್ಸ್ ಬಜಾರಿನ ಸದರ್ (ಜಿಲ್ಲಾ) ಆಸ್ಪತ್ರೆಗೋ ಚಿತ್ತಗಾಂಗಿಗೋ ಹೋಗಬೇಕು. ನನಗೆ ಅತಿ ಸಂಕಟ ಅನ್ನಿಸುವುದು ಇಲ್ಲೇ. ಶಿಬಿರದಿಂದ ಹೊರಗೆ ಕಾಲಿಡಲು ಅನುಮತಿ ಬೇಕು. ಆದ್ದರಿಂದ ಕೇಂದ್ರದ ವೈದ್ಯರಿಂದ ರೆಫರಲ್ ಚೀಟಿ ಬರೆಸಿಕೊಳ್ಳಬೇಕು, ಶಿಬಿರದ ಅಧಿಕಾರಿಯ ಒಪ್ಪಿಗೆ ಪಡೆಯಬೇಕು, ಜೊತೆಗೆ ಯಾರು ಬರುತ್ತಾರೆ ಅಂತ ಆಗಲೇ ಹೇಳಬೇಕು. ಚೀಟಿ ಇಲ್ಲದೆ ಹೊರಟರೆ ಚೆಕ್‌ಪೋಸ್ಟ್‌ನಲ್ಲಿ ತಡೆಯುತ್ತಾರೆ.

ಕಾರ್ಡ್, ಲಸಿಕೆ ಚೀಟಿ, ಹಳೆಯ ಔಷಧಿ ಚೀಟಿ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಾಗಿಲ ಹತ್ತಿರ ನೇತುಹಾಕಿ. 2021ರ ಮಾರ್ಚ್‌ನ ಬೆಂಕಿಯಲ್ಲಿ ಸಾವಿರಾರು ಗುಡಿಸಲು ಸುಟ್ಟವು, ಶಿಬಿರದ ಒಂದು ಆಸ್ಪತ್ರೆಯೂ ಸುಟ್ಟಿತು. ಓಡುವಾಗ ಕೈಗೆ ಮೊದಲು ಸಿಗುವಂತಿರಲಿ.