ಮಳೆಗಾಲದಲ್ಲೇ ಕಾಸ್ಟ್ ಮಾಡಿದ ಗೇಮ್ ಬಾಟ್ಲಿಗಳು: ನನ್ನ ಅನುಭವ

ಮಂಗಳೂರಲ್ಲಿ ಜೂನಿಂದ ಸಪ್ಟೆಂಬರ್ ತನಕ ಕ್ಲಿಯರ್ ಕಾಸ್ಟಿಂಗ್ (ಅಚ್ಚಿಗೆ ದ್ರವ ರೆಸಿನ್ ಸುರಿದು, ಗಟ್ಟಿಯಾದ ಮೇಲೆ ಗಾಜಿನಂಥ ವಸ್ತು ತೆಗೆಯೂದು) ಆಗೂದೇ ಇಲ್ಲ ಅಂತ ನಂಗೆ ಹೇಳದವರಿಲ್ಲ. ಬೆಂಗಳೂರಲ್ಲಿ ಪಿಯು (ಪಾಲಿಯುರೆಥೇನ್) ರೆಸಿನ್ ಹಾಕುವ ದೋಸ್ತ್ ಒಬ್ಬ "ಮಗಾ, ನಿಮ್ಮೂರ ಗಾಳಿಲಿ ಗ್ಲಾಸ್ ಥರ ಏನೂ ಬರಲ್ಲ, ಡಿಸೆಂಬರ್ ತನಕ ಸುಮ್ನಿರು" ಅಂದ. ಮಲ್ಪೆಯಲ್ಲಿ ಬೋಟಿಗೆ ಫೈಬರ್ ಮಾಡುವವರೊಬ್ರು ನನ್ನ ಫೋನಲ್ಲಿದ್ದ ಫೋಟೋ ನೋಡಿ ನಕ್ಕೇ ಬಿಟ್ರು. ಈಗ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೇ ತೆಗೆದ ಬಾಟ್ಲಿಗಳು ಶೆಲ್ಫಲ್ಲಿ ಉಂಟು, ಹಿಂದಿಂದ ಟಾರ್ಚ್ ಹಿಡಿದು ನೋಡಿ ಬೇಕಾದ್ರೆ, ಹಾಲಿನ ಥರ ಮಸುಕೂ ಇಲ್ಲ, ಬೇಡದ ಕಡೆ ಗುಳ್ಳೆಯೂ ಇಲ್ಲ. ಹಾಗಾಗಿ ಬರೀತಾ ಇದ್ದೇನೆ. ಕ್ರಮ ಇಷ್ಟೇ: 3ಡಿ ಪ್ರಿಂಟರಲ್ಲಿ ಒಂದು ಮಾದರಿ (ಮಾಸ್ಟರ್), ಅದ್ರ ಸುತ್ತ ಸಿಲಿಕೋನ್ ಸುರಿದು ಅಚ್ಚು, ಆ ಅಚ್ಚಿಗೆ ರೆಸಿನ್. ಪ್ರಿಂಟರಿನ ಸೆಟ್ಟಿಂಗ್ ವಿಷಯಕ್ಕೆ ಹೋಗೂದಿಲ್ಲ.

ಬಾಟ್ಲಿ ಯಾವುದು ಅಂದ್ರೆ ಮೊದ್ಲು ಫಾಲ್‌ಔಟ್ ಎಂಬ ವಿಡಿಯೋ ಗೇಮಲ್ಲಿ ಬರುವ ಸೋಡಾ, ನ್ಯೂಕಾ-ಕೋಲಾ. 2008ರ ಫಾಲ್‌ಔಟ್ 3ರದ್ದು ಸಾದಾ ಸೋಡಾ ಬಾಟ್ಲಿ ಥರ, ಅದು ಯಾರೂ ಮಾಡಿಯಾರು. 2015ರ ಫಾಲ್‌ಔಟ್ 4ರಲ್ಲಿ ಅದನ್ನೇ ರಾಕೆಟ್ ಮಾಡಿಟ್ಟಿದ್ದಾರೆ, ಸುತ್ತ ರೆಕ್ಕೆ ಬೇರೆ. ಆ ರೆಕ್ಕೆಯ ಸಂದಿಯೇ ಎಲ್ಲ ತೊಂದ್ರೆಗೆ ಮೂಲ, ಸಿಲಿಕೋನ್ ಅಲ್ಲಿಗೆ ಸರಿಯಾಗಿ ಇಳಿಯೂದಿಲ್ಲ, ಇಳಿದ್ರೆ ಬಿಡಿಸುವಾಗ ಹರೀತದೆ. ಅದ್ರ ಮೇಲೆ ಸ್ಕೈರಿಮ್ ಗೇಮಿನ ಸಣ್ಣ ಪೋಷನ್ (ಮದ್ದಿನ) ಬಾಟ್ಲಿ, ಕೆಂಪು ಹೆಲ್ತ್, ನೀಲಿ ಮ್ಯಾಜಿಕಾ, ಹಸಿರು ಸ್ಟ್ಯಾಮಿನಾ. ನಾನು ಮೂರು ಬಣ್ಣವನ್ನೂ ಒಂದೇ ಅಚ್ಚಲ್ಲಿ ತೆಗೆದೆ, ಖರ್ಚು ಉಳೀಲಿ ಅಂತ, ಆಕಾರ ನೋಡಿ ತಪ್ಪು ಹುಡುಕುವವರು ಹುಡುಕ್ಲಿ.

ಕ್ಲಿಯರ್ ರೆಸಿನಲ್ಲಿ ನೇರ ಪ್ರಿಂಟ್ ಯಾಕೆ ಮಾಡ್ಲಿಲ್ಲ ಅಂತ ಕೇಳುವವರಿಗೆ: ಮಾಡಿದ್ದೇನೆ. ಕ್ಯೂರ್ (ಯುವಿ ಬೆಳಕಲ್ಲಿ ಗಟ್ಟಿ ಮಾಡೂದು) ಜಾಸ್ತಿಯಾದ್ರೆ ಹಳದಿ, ಕಡಿಮೆಯಾದ್ರೆ ಅಂಟು, ಲೇಯರ್ ಗೆರೆ ತಿಕ್ಕಿ ತಿಕ್ಕಿ ಕೈ ಹೋಗ್ತದೆ, ಒಂದು ಪೀಸ್ ಆದ ಮೇಲೆ ಎರಡನೇದಕ್ಕೆ ಪುನಃ ಅದೇ ಕೆಲ್ಸ. ಪ್ರಿಂಟ್ ಅಂದ್ರೆ ಮಾಸ್ಟರ್ ಮಾತ್ರ, ಅಷ್ಟೇ.

ಅಗ್ಗಕ್ಕೆ ಆಗ್ತದೆ ಅಂತ ಮೊದ್ಲು ಹಿಡಿದದ್ದು ಬೋಟಿನ ರೆಸಿನ್. ನಮ್ಮ ಕರಾವಳಿಯಲ್ಲಿ ಅದಕ್ಕೆ ಬರ ಇಲ್ಲ, ಪಾಲಿಯೆಸ್ಟರ್ ರೆಸಿನ್, ಅದನ್ನು ಗಟ್ಟಿ ಮಾಡುವ ಕೋಬಾಲ್ಟ್, ಕ್ಯಾಟಲಿಸ್ಟ್ ಎಲ್ಲ ಒಂದೇ ಅಂಗಡಿಯಲ್ಲಿ, ಎಪಾಕ್ಸಿ ರೆಸಿನಿನ ಕಾಲು ಭಾಗ ರೇಟಿಗೆ ಸಿಕ್ತದೆ. ತೆಳು ಪದರಕ್ಕೆ ಅದು ರಾಜ. ಬಾಟ್ಲಿಯಷ್ಟು ದಪ್ಪಕ್ಕೆ ಸುರಿದ್ರೆ ಒಳಗೆ ಬಿಸಿ ಏರಿ ನಡುವಲ್ಲಿ ಟಪ್ ಅಂತ ಬಿರುಕು, ಗಾಳಿ ತಾಗಿದ ಬದಿ ದಿನಗಟ್ಲೆ ಅಂಟು, ಅದ್ರೊಳಗಿನ ಸ್ಟೈರೀನ್ ಎಂಬ ರಾಸಾಯನಿಕ ಸಿಲಿಕೋನ್ ಅಚ್ಚನ್ನೇ ತಿಂದು ಹಾಕ್ತದೆ. ವಾಸನೆ ಬಗ್ಗೆ ಅಮ್ಮ ಹೇಳಿದ್ದನ್ನು ಇಲ್ಲಿ ಬರೀಲಿಕ್ಕೆ ಆಗೂದಿಲ್ಲ. ಮಲ್ಪೆಯವರು ಮೊದ್ಲೇ ಹೇಳಿದ್ರು, "ಅಣ್ಣ, ಇದು ದೋಣಿಗೆ, ಶೋಕೇಸಿಗಲ್ಲ" ಅಂತ.

ಮತ್ತೆ ಪಿಯು. ಇಲ್ಲಿ ದುಡ್ಡು ನೀರಿನ ಹಾಗೆ ಹೋಯ್ತು. ಪಿಯುಗೆ ನೀರಿನ ಅಂಶ ಆಗೂದಿಲ್ಲ, ಸ್ವಲ್ಪ ತಾಗಿದ್ರೂ ಗ್ಯಾಸ್ ಬಿಟ್ಟು ನೊರೆ ಬರ್ತದೆ, ನಮ್ಮಲ್ಲಿ ಮಳೆಗಾಲಕ್ಕೆ ಮನೆಯೊಳಗೇ ಹ್ಯೂಮಿಡಿಟಿ 90ರ ಹತ್ರ. ಡಬ್ಬಿ ಒಮ್ಮೆ ಓಪನ್ ಮಾಡಿದ್ರೆ ಉಳಿದದ್ದು ಹಾಳು, ಐಸ್‌ಕ್ರೀಂ ಕಡ್ಡಿಯಲ್ಲಿ ಕಲಸಿದ್ರೆ ಆ ಮರದೊಳಗಿನ ನೀರೇ ಸಾಕು ಕೆಡ್ಲಿಕ್ಕೆ. ಪ್ರೆಷರಲ್ಲಿ ಇಟ್ರೆ ಗುಳ್ಳೆ ಕುಗ್ತದೆ ಅಂತ ಹತ್ತು ಲೀಟರಿನ ಪೇಂಟ್ ಪಾಟ್ (ಗಾಳಿಯ ಒತ್ತಡ ತಾಳುವ ಪೇಂಟಿನ ಡಬ್ಬಿ), ಸೆಕೆಂಡ್‌ಹ್ಯಾಂಡ್ ಕಂಪ್ರೆಸರ್, ಪೈಪು, ಮಾಯಿಶ್ಚರ್ ಟ್ರ್ಯಾಪ್ ಎಲ್ಲ ಸೇರಿ ಹದಿನೆಂಟು ಸಾವಿರದ ಆಚೀಚೆ. ಒತ್ತಡ 40 ಪಿಎಸ್ಐಗೆ ಏರಿಸಿ ಇಟ್ಟು ಮರುದಿನ ಬಿಡಿಸಿದ್ರೆ ಬಾಟ್ಲಿ ಮೈಯಿಡೀ ಬೆವರುಸಾಲೆ ಎದ್ದ ಹಾಗೆ ಸಣ್ಣ ಸಣ್ಣ ಉಬ್ಬು. ಕಾರಣ ಎಂತ ಅಂದ್ರೆ, ಅಚ್ಚು ಹಾಕುವಾಗ ಪ್ರೆಷರ್ ಇರ್ಲಿಲ್ಲ, ಸಿಲಿಕೋನೊಳಗೆ ಉಳಿದ ಗಾಳಿ ಈಗ ಕುಗ್ಗಿ ಅಲ್ಲಿ ತಗ್ಗಾಯ್ತು, ತಗ್ಗಿಗೆ ರೆಸಿನ್ ತುಂಬಿತು. ಅಚ್ಚನ್ನೂ ಅದೇ ಪ್ರೆಷರಲ್ಲಿ ಸೆಟ್ ಮಾಡ್ಬೇಕು. ಇದನ್ನು ವಿಡಿಯೋ ಮಾಡುವವರು ಸಲೀಸಾಗಿ ಹಾರಿಸಿ ಬಿಡ್ತಾರೆ. ಪಾಟ್ ಈಗ ಗೇಟಿಗೆ ಪೇಂಟ್ ಹೊಡೀಲಿಕ್ಕೆ ಉಪಯೋಗ ಆಗ್ತದೆ. (ಪಾಟ್ ಬದಲಿಗೆ ಮನೆಯ ಕುಕ್ಕರಿಗೆ ಕಂಪ್ರೆಸರ್ ಜೋಡಿಸುವ ಐಡಿಯಾ ಯಾರಿಗಾದ್ರೂ ಇದ್ರೆ ದಯವಿಟ್ಟು ಬೇಡ ಮಾರಾಯ್ರೆ, ಕುಕ್ಕರ್ ತಾಳೂದು ಸುಮಾರು 15 ಪಿಎಸ್ಐಗೆ.)

ಕೊನೆಗೆ ನಿಂತದ್ದು ಸ್ಲೋ ಎಪಾಕ್ಸಿ, ನಿಧಾನಕ್ಕೆ ಗಟ್ಟಿಯಾಗುವ, ದಪ್ಪಕ್ಕೆ ಹಾಕುವಂಥದ್ದು. ಎಪಾಕ್ಸಿಗೂ ತೇವ ಆಗೂದಿಲ್ಲ, ಮೇಲೆ ಬಿಳಿ ಎಣ್ಣೆಯಂಥ ಪೊರೆ ಕೂರ್ತದೆ ಅಂತ ಎಲ್ಲರೂ ಹೆದರಿಸೂದು. ಕೂರ್ತದೆ, ಸುಳ್ಳಲ್ಲ. ಆದ್ರೆ ಎಲ್ಲಿ ಕೂರ್ತದೆ? ಗಾಳಿಗೆ ತೆರೆದ ಬದಿಯಲ್ಲಿ. ನಾನು ಬಾಟ್ಲಿಯನ್ನು ತಲೆಕೆಳಗೆ ಹಾಕೂದು, ಬುಡ ಮೇಲೆ, ಸುರಿಯೂದೂ ಬುಡದಿಂದ್ಲೇ. ಪೊರೆ ಬಂದ್ರೂ ಬುಡಕ್ಕೆ ಮಾತ್ರ, ಬಿಸಿನೀರು ಸಾಬೂನಲ್ಲಿ ತೊಳೆದು ವಾಟರ್ ಪೇಪರಲ್ಲಿ ತಿಕ್ಕಿದ್ರೆ ಆಯ್ತು, ಅದ್ರ ಮೇಲೆ ಹೇಗೂ ಫೆಲ್ಟ್ ಅಂಟಿಸ್ಲಿಕ್ಕುಂಟು. ಉಳಿದ ಮೈಯೆಲ್ಲ ಸಿಲಿಕೋನೊಳಗೆ, ಅಲ್ಲಿಗೆ ಮಳೆಗಾಲ ಬರೂದೇ ಇಲ್ಲ. ಇಷ್ಟು ಸಣ್ಣ ವಿಷಯಕ್ಕೆ ನಾಲ್ಕು ತಿಂಗಳು ಕೈಕಟ್ಟಿ ಕೂರೂದಾ?

ಇದಕ್ಕೆ ಜೊತೆ ಬಲ್ಬಿನ ಕಪಾಟು. ನಮ್ಮ ಕಡೆ ಬಟ್ಟೆಗೆ ಬೂಸ್ಟು ಹಿಡಿಯದ ಹಾಗೆ ಕಪಾಟಿಗೆ ಬಲ್ಬ್ ಇಡೂದು ಹೊಸತೇನಲ್ಲ. ಹಳೇ ಮರದ ಕಪಾಟು, ಒಳಗೆ 60 ವ್ಯಾಟಿನ ಫಿಲಮೆಂಟ್ ಬಲ್ಬ್ ಎರಡು, ಸುತ್ತ ತಂತಿಬಲೆ, ಮುನ್ನೂರು ರೂಪಾಯಿಯ ಒಂದು ಹ್ಯೂಮಿಡಿಟಿ ಮೀಟರ್. ಎಲ್‌ಇಡಿ ಹಾಕಿದ್ರೆ ಬೆಳಕು ಮಾತ್ರ, ಬಿಸಿ ಸಾಕಾಗೂದಿಲ್ಲ. ಒಳಗೆ 38-40 ಡಿಗ್ರಿ, ಹ್ಯೂಮಿಡಿಟಿ ಐವತ್ತಕ್ಕೆ ಇಳೀತದೆ. ಅಚ್ಚು, ರೆಸಿನ್ ಬಾಟ್ಲಿ, ಕಲಸುವ ಕಪ್ ಎಲ್ಲ ಹಿಂದಿನ ರಾತ್ರಿಯೇ ಒಳಗೆ. ಬಿಸಿಗೆ ರೆಸಿನ್ ನೀರಾಗ್ತದೆ, ಗುಳ್ಳೆ ಅದರಷ್ಟಕ್ಕೇ ಮೇಲೆ ಬರ್ತದೆ, ಪ್ರೆಷರ್ ಪಾಟಿನ ಹಂಗೇ ಬೇಡ. ಆದ್ರೆ ಟೈಮ್ ಕಡಿಮೆ ಸಿಕ್ತದೆ, ಪ್ಯಾಕೆಟಲ್ಲಿ ಬರೆದದ್ದರ ಅರ್ಧ ಅಂತ ಲೆಕ್ಕ ಇಡಿ. ಐಪಿಎ ಎಂಬ ಸ್ಪಿರಿಟಲ್ಲಿ ತೊಳೆದ ಪ್ರಿಂಟನ್ನು ಪೂರ್ತಿ ಒಣಗದೆ ಅದರೊಳಗೆ ಇಡ್ಬೇಡಿ, ಬಿಸಿ ಬಲ್ಬ್ ಮತ್ತು ಸ್ಪಿರಿಟಿನ ಆವಿ ಒಟ್ಟಿಗೆ ಇರ್ಬಾರದು.

ಈಗ ಅಚ್ಚಿನ ಕಥೆ. ರೆಸಿನ್ ಪ್ರಿಂಟ್ ಮೇಲೆ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ಕ್ಯಾಟಲಿಸ್ಟಲ್ಲಿ ಸೆಟ್ ಆಗುವ ಜಾತಿ) ನೇರ ಸುರಿದವರಿಗೆ ಗೊತ್ತುಂಟು ಎಂತ ಆಗ್ತದೆ ಅಂತ. ಒಂದು ದಿನ ಕಾದು ಬಿಡಿಸಿದ್ರೆ ಹೊರಗೆಲ್ಲ ರಬ್ಬರ್, ಪ್ರಿಂಟಿಗೆ ತಾಗಿದ ಕಡೆ ಮಾತ್ರ ಹಸಿ ಹಸಿ ಅಂಟು, ರೆಕ್ಕೆಯ ಸಂದಿಯಲ್ಲಿ ಬೆರಳು ಹಾಕಿದ್ರೆ ನೂಲು ನೂಲಾಗಿ ಎದ್ದು ಬರ್ತದೆ. ಎರಡು ಸಾವಿರದ ಸಿಲಿಕೋನ್ ಕಸದ ಬುಟ್ಟಿಗೆ. ಪ್ರಿಂಟಲ್ಲಿ ಉಳಿದ ಹಸಿ ರೆಸಿನ್ ಸಿಲಿಕೋನನ್ನು ಸೆಟ್ ಆಗ್ಲಿಕ್ಕೆ ಬಿಡೂದಿಲ್ಲ. ಅದು ಸಾಲದ್ದಕ್ಕೆ ಮೆಡಿಕಲಲ್ಲಿ ಸಿಗುವ ಲೇಟೆಕ್ಸ್ ಗ್ಲೌಸಿನ ಗಂಧಕ, ಕೆಲವು ಮಕ್ಕಳ ಕ್ಲೇಯ ಗಂಧಕ, ಟಿನ್ ಸಿಲಿಕೋನ್ (ತವರದ ಕ್ಯಾಟಲಿಸ್ಟಲ್ಲಿ ಸೆಟ್ ಆಗುವ ಇನ್ನೊಂದು ಜಾತಿ) ಕಲಸಿದ ಕಪ್, ಇದೆಲ್ಲವೂ ಅದಕ್ಕೆ ವಿಷವೇ. ನೈಟ್ರೈಲ್ ಗ್ಲೌಸ್ ತೆಗೊಳ್ಳಿ.

ನಾನು ಮಾಡೂದು: ಎರಡು ಸಲ ತೊಳೆದು, ಹಸಿ ವಾಸನೆ ಹೋಗುವ ತನಕ ಯುವಿ ಕೊಟ್ಟು, ಒಣಗಿದ ಮೇಲೆ ಬಲ್ಬಿನ ಕಪಾಟಲ್ಲಿ ಒಂದೆರಡು ದಿನ. ಆಮೇಲೆ ಪ್ರೈಮರ್, 400ರಿಂದ 2000 ತನಕ ವಾಟರ್ ಪೇಪರ್, ಕೊನೆಗೆ ಕಾರಿನ ಬಂಪರಿಗೆ ಹೊಡೆಯುವ ಟೂ-ಕೆ (ಎರಡು ದ್ರವ ಕಲಸಿ ಹೊಡೆಯುವ) ಕ್ಲಿಯರ್ ಪೇಂಟ್. ಇದನ್ನು ನಾನೇ ಹೊಡೆಯೂದಿಲ್ಲ, ಪಡೀಲ್ ಕಡೆಯ ಒಂದು ಪೇಂಟಿಂಗ್ ಗ್ಯಾರೇಜಿಗೆ ಕೊಡ್ತೇನೆ, ಅವ್ರ ಬೂತಲ್ಲಿ ಬೇರೆ ಗಾಡಿಯ ಜೊತೆ ಇನ್ನೂರು ರೂಪಾಯಿಗೆ ಮುಗೀತದೆ. ಮೊದಲ ಸಲ ಮೇಸ್ತ್ರಿ "ಇದೆಂತ, ಕೂದಲೆಣ್ಣೆ ಬಾಟ್ಲಿಗೆ ಪಾಲಿಶಾ?" ಅಂತ ಕೇಳಿದ್ರು. ಈ ಕ್ಲಿಯರ್ ಹಸಿ ರೆಸಿನನ್ನು ಒಳಗೇ ಮುಚ್ತದೆ, ಅದ್ರ ಹೊಳಪು ಅಚ್ಚಿಗೂ ಇಳೀತದೆ, ಅಚ್ಚಿಂದ ಬಾಟ್ಲಿಗೂ. ಅಂದ್ರೆ ಪಾಲಿಶ್ ಒಮ್ಮೆ ಮಾಸ್ಟರಿಗೆ ಮಾತ್ರ. ಸಿಲಿಕೋನ್ ಹಾಕುವ ಮೊದ್ಲು ಇನ್ನೊಂದು ಸಣ್ಣ ಕೆಲ್ಸ ಮಾಡ್ತೇನೆ ರೆಕ್ಕೆಯ ಸಂದಿಗೆ, ಅದು ನನ್ನ ಹತ್ರವೇ ಇರ್ಲಿ. ಧೈರ್ಯ ಇಲ್ಲದವರು ಮೊದ್ಲು ಟಿನ್ ಸಿಲಿಕೋನಲ್ಲಿ ಅಚ್ಚು ತೆಗೆದು, ಅದರಲ್ಲೊಂದು ಎಪಾಕ್ಸಿ ಮಾಸ್ಟರ್ ಮಾಡಿ, ಅದ್ರ ಮೇಲೆ ಪ್ಲಾಟಿನಂ ಹಾಕಿ. ಖರ್ಚು ಜಾಸ್ತಿ, ತಲೆಬಿಸಿ ಕಡಿಮೆ.

ನಂಗೆ ನಿಜವಾಗಿ ಹೆಮ್ಮೆ ಇರೂದು ಒಳಗಿನ "ದ್ರವ"ದ ಬಗ್ಗೆ. ಬಾಟ್ಲಿ ಟೊಳ್ಳಾಗಿ ತೆಗೆದು ಬಣ್ಣದ ನೀರು ತುಂಬಿಸೂದು ಸರಿ ಬರ್ಲಿಲ್ಲ, ಸೋರ್ತದೆ, ಪಾಚಿ ಕಟ್ತದೆ, ಕೊರಿಯರಲ್ಲಿ ಒಡೀತದೆ. ನಾನು ಮಾಡೂದು ಪೂರ್ತಿ ಘಟ್ಟಿ. ಮೊದ್ಲು ಬಣ್ಣದ ತಿರುಳು ಬೇರೆ ಅಚ್ಚಲ್ಲಿ, ಆಮೇಲೆ ಅದನ್ನು ದೊಡ್ಡ ಅಚ್ಚೊಳಗೆ ನೇತು ಹಾಕಿ ಸುತ್ತ ಕ್ಲಿಯರ್. ಬಾಟ್ಲಿಯ ಅಡ್ಡಳತೆಯ ಮೂರರಲ್ಲಿ ಎರಡು ಪಾಲು ತಿರುಳು ಇದ್ರೆ ಸಾಕು, ಹೊರಗಿಂದ ನೋಡುವಾಗ ಬಣ್ಣ ಅಂಚಿನ ತನಕ ತುಂಬಿದ ಹಾಗೇ ಕಾಣ್ತದೆ, ದಪ್ಪ ಗಾಜು ಒಳಗಿನದ್ದನ್ನು ಹಿಗ್ಗಿಸಿ ತೋರಿಸ್ತದಲ್ಲ, ಅದೇ. ಅದಕ್ಕಿಂತ ಸಪೂರ ಮಾಡಿದ್ರೆ ಸುತ್ತ ಗಾಜಿನ ಗೋಡೆ ಕಾಣ್ಲಿಕ್ಕೆ ಶುರು, ಅದೂ ಚಂದವೇ, ಪೋಷನ್ ಬಾಟ್ಲಿಗೆ ನಾನು ಬೇಕಂತಲೇ ಹಾಗೆ ಮಾಡೂದು. ಎರಡು ಸಲ ಸುರಿಯೂದ್ರಿಂದ ಬಿಸಿಯೂ ಹಂಚಿ ಹೋಗ್ತದೆ, ಹಳದಿ ಬರೂದಿಲ್ಲ. ತಿರುಳಿಗೆ ಪಾಲಿಶ್ ಬೇಡ, ಗೀರು ಇದ್ರೂ ಅದೇ ರೆಸಿನ್ ಹೋಗಿ ತುಂಬಿದಾಗ ಗೀರು ಮಾಯ. ಒಂದೇ ಕಂಪೆನಿಯ ರೆಸಿನ್ ಆಗ್ಬೇಕು, ಮತ್ತೆ ಬರಿಗೈಯಲ್ಲಿ ಮುಟ್ಬಾರದು, ಬೆರಳಿನ ಎಣ್ಣೆ ಒಳಗೆ ಸಿಕ್ಕಿದ್ರೆ ಬೆಳ್ಳಿ ಬೆಳ್ಳಿಯಾಗಿ ಶಾಶ್ವತವಾಗಿ ಕೂರ್ತದೆ. ತಿರುಳಿನ ಮೇಲ್ಭಾಗ ಸಪಾಟು ಮಾಡದೆ ಅಂಚಲ್ಲಿ ಒಂದು ಕೂದಲೆಳೆಯಷ್ಟು ಮೇಲೆತ್ತಿದ್ದೇನೆ, ಗ್ಲಾಸಲ್ಲಿ ನೀರು ಅಂಚಿಗೆ ಹತ್ತಿ ನಿಲ್ತದಲ್ಲ ಹಾಗೆ. ಬಾಟ್ಲಿ ತಲೆಕೆಳಗಿರೂದ್ರಿಂದ ಏರುವ ಗುಳ್ಳೆ ಕೆಲವು ಅಲ್ಲೇ ಅಡಿಗೆ ಸಿಕ್ಕಿಬೀಳ್ತವೆ, ನೆಟ್ಟಗೆ ಇಟ್ಟಾಗ ಸೋಡಾದ ನೊರೆ! ನೋಡಿದವರೆಲ್ಲ ಅಲ್ಲಾಡಿಸಿ ನೋಡೂದು. ತಿರುಳನ್ನು ಸರಿ ನಡುವಲ್ಲಿ ಹೇಗೆ ನಿಲ್ಲಿಸೂದು ಅಂತ ಕೇಳ್ಬೇಡಿ, ಹೇಳೂದಿಲ್ಲ.

ನಡುವೆ ಕ್ವಾಂಟಮ್‌ನ ಹುಚ್ಚು ಹತ್ತಿತು, ಅದು ನೀಲಿ ಹೊಳೆಯುವ ನ್ಯೂಕಾ-ಕೋಲಾ. ಗೇಮಿನ ಕಥೆಯಲ್ಲಿ ಅದಕ್ಕೆ ವಿಕಿರಣದ ಸ್ಟ್ರಾನ್ಷಿಯಂ ಹಾಕಿದ್ದಾರೆ ಅಂತ. ತಮಾಷೆ ಎಂತ ಅಂದ್ರೆ ನಮಗೆ ಸಿಗುವ ಕತ್ತಲೆಯಲ್ಲಿ ಹೊಳೆಯುವ ಪುಡಿಯೂ ಸ್ಟ್ರಾನ್ಷಿಯಂ ಅಲ್ಯುಮಿನೇಟೇ, ವಿಕಿರಣ ಏನಿಲ್ಲ. ಸ್ಲೋ ಎಪಾಕ್ಸಿಗೆ ಹಾಕಿದ್ರೆ ರಾತ್ರಿ ಬೆಳಗಾಗುವಾಗ ಪುಡಿಯೆಲ್ಲ ತಳಕ್ಕೆ. ರೆಸಿನ್ ಜೇನಿನಷ್ಟು ದಪ್ಪ ಆದ ಮೇಲೆ ಪುಡಿ ಸೇರಿಸಿದೆ, ನಿಂತಿತು, ಆದ್ರೆ ಹಗಲಲ್ಲಿ ಸುಣ್ಣದ ನೀರಿನ ಹಾಗೆ. ಟಾನಿಕ್ ವಾಟರಲ್ಲಿ ಕ್ವಿನೈನ್ ಇರ್ತದೆ, ಯುವಿ ಟಾರ್ಚಿಗೆ ನೀಲಿ ಹೊಳೀತದೆ, ಅದನ್ನು ಖಾಲಿ ಗಾಜಿನ ಬಾಟ್ಲಿಗೆ ತುಂಬಿಸಿ ಅಕ್ಕನ ಮಕ್ಕಳಿಗೆ ತೋರಿಸಿದ್ದೇ ಈ ಇಡೀ ಪ್ರಾಜೆಕ್ಟಿನ ಅತಿ ಅಗ್ಗದ ಗಮ್ಮತ್ತು.

ಮುಚ್ಚಳಕ್ಕೆ ಖರ್ಚಿಲ್ಲ. ಕುತ್ತಿಗೆಯನ್ನು 26 ಎಂಎಂ ಕ್ರೌನ್ ಎಂಬ ತಗಡಿನ ಮುಚ್ಚಳಕ್ಕೆ ಸರಿಯಾಗಿ ಮಾಡೆಲ್ ಮಾಡಿದೆ, ಯಾವ ಸೋಡಾ ಮುಚ್ಚಳವೂ ಕೂರ್ತದೆ, ಅದೇ 21 ಹಲ್ಲಿಂದು. ಬಾರಿನ ಹುಡುಗನಿಗೆ ಹೇಳಿಟ್ರೆ ಚೀಲಗಟ್ಟಲೆ ಕೊಡ್ತಾನೆ, ಫಾಲ್‌ಔಟ್ ಗೇಮಲ್ಲಿ ನೋಡಿದ್ರೆ ಮುಚ್ಚಳವೇ ದುಡ್ಡು, ಲೆಕ್ಕ ಹಾಕಿದ್ರೆ ನಾನು ಅಲ್ಲಿ ಕೋಟ್ಯಾಧಿಪತಿ. ಲೇಬಲ್ ನಂಬರ್‌ಪ್ಲೇಟ್ ಮಾಡುವ ರೇಡಿಯಂ ಅಂಗಡಿಯಲ್ಲಿ ಕಟಿಂಗ್. ಒರಿಜಿನಲ್ ಲೋಗೋ ನನ್ನ ಶೆಲ್ಫಿಗೆ ಮಾತ್ರ, ಅದು ಕಂಪೆನಿಯ ಸೊತ್ತು. ಹೊರಗೆ ಕೊಡೂದಕ್ಕೆ ನನ್ನದೇ ಡಿಸೈನ್.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಪ್ರಿಂಟರ್ ಬಿಟ್ಟು ಎಂಬತ್ತು ಸಾವಿರದ ಹತ್ರ ಕೈಬಿಟ್ಟಿದೆ, ಅದ್ರಲ್ಲಿ ಅರ್ಧ ಪಿಯು, ಪಾಟು, ಕೆಟ್ಟ ಅಚ್ಚು. ಈಗ ಒಂದು ರಾಕೆಟ್ ಬಾಟ್ಲಿಗೆ ಎಪಾಕ್ಸಿ 400 ಗ್ರಾಂ, ಅಂದ್ರೆ ನಾನೂರೈವತ್ತು ರೂಪಾಯಿ, ಅಚ್ಚಿನ ಪಾಲು ಎಂಬತ್ತು ನೂರು, ಸ್ಟಿಕ್ಕರು ಕರೆಂಟು ಎಲ್ಲ ಹಿಡಿದು ಆರುನೂರೈವತ್ತರ ಒಳಗೆ. ಒಂದು ಅಚ್ಚಲ್ಲಿ ಇಪ್ಪತ್ತೈದು ಪೀಸ್ ಆರಾಮ, ಆಮೇಲೆ ಹೊಳಪು ಸಾಯ್ತದೆ. ಕೊಡೂದು ಸಾವಿರದ ಎಂಟುನೂರಕ್ಕೆ. ಬೆಂಗಳೂರಿನ ಆ ದೋಸ್ತೇ ಎರಡು ತೆಗೊಂಡಿದ್ದಾನೆ, ಡಿಸ್ಕೌಂಟ್ ಕೇಳಿದ, ಕೊಡ್ಲಿಲ್ಲ.

ಈಗ ತಲೆ ತಿನ್ನೂದು ಡಾರ್ಕ್ ಸೋಲ್ಸ್ ಗೇಮಿನ ಎಸ್ಟಸ್ ಫ್ಲಾಸ್ಕ್, ಅದ್ರೊಳಗಿನ ಮದ್ದಿನ ಬಾಟ್ಲಿ. ಹೊರಗೆ ಹಸಿರು ಗಾಜು, ಒಳಗೆ ಬೆಂಕಿ ಬಣ್ಣ. ಕಿತ್ತಳೆ ತಿರುಳಿಗೆ ಹಸಿರು ಕ್ಲಿಯರ್ ಹಾಕಿದ್ರೆ ಎರಡೂ ಸೇರಿ ಕಷಾಯದ ಬಣ್ಣ ಬರ್ತದೆ. ಹಸಿರನ್ನು ಲೀಟರಿಗೆ ಎರಡು ಹನಿಯ ತನಕ ಇಳಿಸಿ ನೋಡಿದೆ, ಸ್ವಲ್ಪ ಪರವಾಗಿಲ್ಲ. ಮುಂದಿನದಕ್ಕೆ ತಿರುಳಿನ ನಡುವೆ ತೂತು ಬಿಟ್ಟು ಬುಡದಿಂದ ಸಣ್ಣ ಎಲ್‌ಇಡಿ ಕೊಡುವ ಅಂತ ಉಂಟು, ಬಟನ್ ಸೆಲ್ಲಿನ ಜಾಗ ಆಗ್ಲೇ ಬುಡದ ಮಾಡೆಲಲ್ಲಿ ಕೊರೆದಾಗಿದೆ.