ಉತ್ತರ ಕನ್ನಡದ ಕಾಲೇಜಿನಲ್ಲಿ ಮನಃಶಾಸ್ತ್ರ ಓದುವವರಿಗೆ

ಮನಃಶಾಸ್ತ್ರದಲ್ಲಿ ಬಿಎ ಮುಗಿಸಿದವರು ಮನೋವೈದ್ಯರಾಗುವುದಿಲ್ಲ. ಮನೋವೈದ್ಯರಾಗಲು ಎಂಬಿಬಿಎಸ್ ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕು. ಪ್ರವೇಶದ ಅರ್ಜಿ ತುಂಬುವ ಮೊದಲೇ ಇದನ್ನು ಮನೆಯವರಿಗೂ ತಿಳಿಸಿಬಿಡುವುದು ಒಳ್ಳೆಯದು. ಇಲ್ಲವಾದರೆ ಮೂರು ವರ್ಷವೂ ನೆಂಟರೆದುರು ವಿವರಣೆ ಕೊಡುವುದೇ ಕೆಲಸವಾಗುತ್ತದೆ.

ಕಾರವಾರದಿಂದ ಶಿರಸಿಯವರೆಗಿನ ಪದವಿ ಕಾಲೇಜುಗಳು ಬಹುಪಾಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು, ಆದರೆ ಮನಃಶಾಸ್ತ್ರ ಎಲ್ಲ ಕಡೆಯೂ ಇಲ್ಲ. ಇರುವಲ್ಲಿ ಶುಲ್ಕ ಕಟ್ಟುವ ಮುನ್ನ ಸ್ವತಃ ಹೋಗಿ, ಪಾಠ ಮಾಡುವವರು ಕಾಯಂ ಅಧ್ಯಾಪಕರೋ ಅತಿಥಿ ಉಪನ್ಯಾಸಕರೋ ಎಂದು ವಿಚಾರಿಸಿ, ಪ್ರಯೋಗಾಲಯದ ಕಪಾಟು ತೆರೆಸಿ ನೋಡಿ. ಕನ್ನಡಿ ನೋಡಿ ನಕ್ಷತ್ರ ಬಿಡಿಸುವ ಉಪಕರಣ ಅಲ್ಲಿದ್ದು, ಅದರ ಮೇಲೆ ದೂಳು ಕೂತಿಲ್ಲವೆಂದರೆ ಕಾಲೇಜು ಪರವಾಗಿಲ್ಲ. ಆ ಪ್ರಯೋಗದಲ್ಲಿ ನಿಮ್ಮ ಕೈ ಪರದೆಯ ಹಿಂದಿರುತ್ತದೆ. ಕನ್ನಡಿಯಲ್ಲಿ ಕಾಣುವ ಎರಡು ಗೆರೆಗಳ ನಡುವೆ ಪೆನ್ಸಿಲ್ ಸಾಗಬೇಕು. ಮೊದಲ ಮೂಲೆಯಲ್ಲೇ ಕೈ ತಿರುಗಬೇಕಾದ ದಿಕ್ಕು ಬಿಟ್ಟು ಎದುರು ದಿಕ್ಕಿಗೆ ಓಡುತ್ತದೆ, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದ ಸಹಪಾಠಿ ತಪ್ಪುಗಳನ್ನು ಎಣಿಸುತ್ತಾನೆ. ಮತ್ತೆ ಮತ್ತೆ ಬಿಡಿಸುತ್ತ ಹೋದಂತೆ ಸಮಯವೂ ತಪ್ಪೂ ಇಳಿಯುವುದನ್ನು ಗ್ರಾಫ್ ಹಾಳೆಯಲ್ಲಿ ನೀವೇ ಗುರುತಿಸಿದಾಗ, ಕಲಿಕೆಯ ಅಧ್ಯಾಯವನ್ನು ಬಾಯಿಪಾಠ ಮಾಡುವ ಅಗತ್ಯ ಉಳಿಯುವುದಿಲ್ಲ.

ಕಲಾ ವಿಭಾಗದವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳಲು ನೋಡುವುದು ಸಂಖ್ಯಾಶಾಸ್ತ್ರವನ್ನು. ಸರಾಸರಿ, ಪ್ರಮಾಣ ವಿಚಲನೆ, ಸಹಸಂಬಂಧ ಇವಿಷ್ಟನ್ನಾದರೂ ಪದವಿಯಲ್ಲೇ ಕೈವಶ ಮಾಡಿಕೊಳ್ಳದಿದ್ದರೆ ಎಂಎ ತರಗತಿಯಲ್ಲಿ ಪಟ್ಟು ತಪ್ಪುತ್ತದೆ. ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ ಜೊತೆಯ ವಿಷಯಗಳನ್ನೂ ಯೋಚಿಸಿ ಆರಿಸಿಕೊಳ್ಳಬೇಕು. ಪ್ರೌಢಶಾಲೆಯಲ್ಲಿ ಮನಃಶಾಸ್ತ್ರವೆಂಬ ಪಾಠವೇ ಇಲ್ಲದ ಕಾರಣ, ಬಿಎಡ್ ಮನಸ್ಸಿನಲ್ಲಿದ್ದವರು ಇತಿಹಾಸವನ್ನೋ ಭಾಷೆಯನ್ನೋ ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಎಂಎಗೆ ನಮ್ಮವರು ಅರಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಹೋಗುವುದು ರೂಢಿ. ನೌಕರಿ ಮಾಡುತ್ತಲೇ ದೂರಶಿಕ್ಷಣದಲ್ಲಿ ಮುಗಿಸಿದರಾಯಿತು ಎಂದು ಹಿರಿಯ ವಿದ್ಯಾರ್ಥಿಗಳು ಈಗಲೂ ಹೇಳಬಹುದು, ಆದರೆ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿಯೂ ಆನ್‌ಲೈನ್‌ನಲ್ಲಿಯೂ ಕಲಿಸದಂತೆ ತಡೆದಿದೆ. ಕಾಲೇಜು ಅಧ್ಯಾಪಕರಾಗಲು ಎಂಎ ನಂತರ ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ ಬರೆಯಬೇಕು.

ಚಿಕಿತ್ಸಾ ಮನಃಶಾಸ್ತ್ರಜ್ಞರಾಗುವ (ಕ್ಲಿನಿಕಲ್ ಸೈಕಾಲಜಿಸ್ಟ್) ದಾರಿ ಇದಕ್ಕಿಂತ ಉದ್ದ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ಅದರ ನೋಂದಣಿ ಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು. ಕೋರ್ಸುಗಳ ಹೆಸರೂ ಸ್ವರೂಪವೂ ಬದಲಾಗುತ್ತಿರುವುದರಿಂದ, ಹಣ ಕಟ್ಟುವ ಮೊದಲು ಸಂಸ್ಥೆಯ ಹೆಸರು ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಮೂರು ತಿಂಗಳ ಸರ್ಟಿಫಿಕೇಟ್ ಹಿಡಿದು ಬೋರ್ಡ್ ಹಾಕಿಕೊಂಡವರನ್ನು ಕಂಡು ಮರುಳಾಗಬೇಡಿ.

ಜಿಲ್ಲೆಯೊಳಗೇ ಉಳಿಯಬಯಸುವವರಿಗೆ ಆಪ್ತ ಸಮಾಲೋಚಕರ ಹುದ್ದೆಗಳು ಸಿಗುವುದು ಆಸ್ಪತ್ರೆಗಳಲ್ಲಿ, ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳಲ್ಲಿ, ಮಕ್ಕಳ ರಕ್ಷಣಾ ಘಟಕದಲ್ಲಿ, ಶಾಲೆಗಳಲ್ಲಿ. ಇವುಗಳಲ್ಲಿ ಹೆಚ್ಚಿನವು ಗುತ್ತಿಗೆಯವು, ಸಂಬಳ ದೊಡ್ಡದಲ್ಲ. ಕೆಲವಕ್ಕೆ ಸಮಾಜಕಾರ್ಯ ಓದಿದವರೂ ಅರ್ಜಿ ಹಾಕುತ್ತಾರೆ. ಅವರೆದುರು ನಿಮ್ಮನ್ನು ಎತ್ತಿಹಿಡಿಯುವುದು ಭಾಷೆ. ಕಾರವಾರದ ಮೀನುಗಾರ ಮಹಿಳೆ ಕೊಂಕಣಿಯಲ್ಲಿ ಹೇಳುವುದನ್ನು, ಘಟ್ಟದ ಮೇಲಿನ ಅಡಿಕೆ ಬೆಳೆಗಾರ ಹವಿಗನ್ನಡದಲ್ಲಿ ಹೇಳುವುದನ್ನು ನಡುವೆ ಯಾರೂ ಇಲ್ಲದೆ ಕೇಳಿಸಿಕೊಳ್ಳಬಲ್ಲವರು ಬೇಕು. ಖಿನ್ನತೆ ಎಂಬ ಶಬ್ದ ಅವರಿಬ್ಬರ ಬಾಯಲ್ಲೂ ಬರುವುದಿಲ್ಲ. ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ತಲೆಬಿಸಿ, ಗಾಳಿ ಸೋಕಿದೆ ಎನ್ನುತ್ತಾರೆ. ಮೊದಲ ವರ್ಷದಿಂದಲೇ ಒಂದು ನೋಟ್‌ಬುಕ್ ಇಟ್ಟುಕೊಂಡು, ಯಾರ ಹೆಸರನ್ನೂ ಹಾಕದೆ, ಕಿವಿಗೆ ಬಿದ್ದ ಇಂಥ ಮಾತುಗಳನ್ನು ಹೇಳಿದ ಹಾಗೆಯೇ ಬರೆದಿಡಿ.